ಸ್ಪ್ರಿಂಗ್ ಏರ್ ರೈಫಲ್‌ಗೆ ಗುರಿ ಕೂಡಿಸಿದ್ದು: ನನ್ನ ಅನುಭವ

ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಗುರಿ ಕೂಡೋದಿಲ್ಲ, ಅದು ಜಾತ್ರೆಯ ಬಲೂನು ಒಡೆಯೋಕೆ ಸಾಕು ಅನ್ನುವವರು ನಮ್ಮ ಗದಗ-ಬೆಟಗೇರಿಯಲ್ಲಿ ಬಹಳ ಜನ ಇದ್ದಾರೆ. ನಾನು ಈ ಮಾತು ಒಪ್ಪುವುದಿಲ್ಲ. ನನ್ನ ಹತ್ತಿರ ಇರುವುದು ಸಾದಾ ರೈಫಲ್. 4.5 ಮಿಲಿಮೀಟರ್ ಬೋರ್ (ನಳಿಗೆಯ ಒಳ ಅಗಲ), ಬ್ಯಾರೆಲ್ ಮಡಚಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗ್ ಒತ್ತಿ ಹೊಡೆಯಲು ಸಜ್ಜು ಮಾಡುವ ಮಾದರಿ. ಹೊಸದರಲ್ಲಿ 20 ಮೀಟರಿಗೆ ಐದು ಪೆಲೆಟ್ (ಸೀಸದ ಸಣ್ಣ ಗುಂಡು) ಹೊಡೆದರೆ 45 ಮಿಲಿಮೀಟರ್ ಅಗಲಕ್ಕೆ ಚದುರುತ್ತಿದ್ದವು. ಈಗ ಗಾಳಿ ಇಲ್ಲದ ಕಡೆ ಹತ್ತು ಪೆಲೆಟ್ 14 ಮಿಲಿಮೀಟರಿನೊಳಗೆ ನಿಲ್ಲುತ್ತವೆ. ಬ್ಯಾರೆಲ್ ಅದೇ, ಸಿಲಿಂಡರ್ ಅದೇ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಬೋರ್ 4.5 ಮಿಲಿಮೀಟರ್ ಮತ್ತು ಶಕ್ತಿ 20 ಜೌಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ನನ್ನದು 11 ಜೌಲ್ ಆಸುಪಾಸು. ಅದನ್ನು ಹೆಚ್ಚಿಸುವ ಗೋಜಿಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಇನ್ನು ಹೊಲದ ಮಾತು. ಹಾವೇರಿ ಕಡೆಯ ನೆಂಟರು ಸಿಕ್ಕಾಗಲೆಲ್ಲ ಕೃಷ್ಣಮೃಗ, ಕಾಡುಹಂದಿ ಬೆಳೆ ಹಾಳು ಮಾಡುತ್ತವೆ, ನಿನ್ನ ಬಂದೂಕು ತಗೊಂಡು ಬಾ ಅನ್ನುತ್ತಾರೆ. ಅವರ ನಷ್ಟ ಸುಳ್ಳಲ್ಲ. ಆದರೆ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ರಾಣೆಬೆನ್ನೂರಿನಲ್ಲಿ 1974ರಲ್ಲೇ ಅಭಯಾರಣ್ಯ ಆಗಿದ್ದು ಕೃಷ್ಣಮೃಗಕ್ಕಾಗಿಯೇ. ಅದೂ ಅಲ್ಲದೆ ಅರ್ಧ ಗ್ರಾಂ ಸೀಸದಿಂದ ದೊಡ್ಡ ಪ್ರಾಣಿ ಸಾಯುವುದಿಲ್ಲ, ಗಾಯ ಹೊತ್ತು ನರಳುತ್ತದೆ. ನನ್ನ ರೈಫಲ್ ಕಾಗದಕ್ಕೆ ಮಾತ್ರ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದೂ ಇದೇ 4.5 ಮಿಲಿಮೀಟರ್ ಪೆಲೆಟ್‌ನಿಂದ, 10 ಮೀಟರ್ ದೂರದ ಟಾರ್ಗೆಟ್‌ಗೆ ಹೊಡೆದು. ಆ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಕಾಗದಕ್ಕೆ ಹೊಡೆಯುವುದು ಹುಡುಗಾಟ ಅನ್ನುವವರು ಆ ಚುಕ್ಕೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಆದರೆ ಅಂಥ ಮ್ಯಾಚ್ ರೈಫಲ್‌ನಲ್ಲಿ ಗಾಳಿಯನ್ನು ಮೊದಲೇ ಒತ್ತಿ ತುಂಬಿರುತ್ತಾರೆ. ಟ್ರಿಗರ್ ಎಳೆದರೆ ವಾಲ್ವ್ ತೆರೆಯುತ್ತದೆ, ಅಷ್ಟೇ. ಸ್ಪ್ರಿಂಗ್ ರೈಫಲ್ ಕಥೆ ಬೇರೆ. ಟ್ರಿಗರ್ ಎಳೆದಾಗ ಭಾರದ ಪಿಸ್ಟನ್ ಮುಂದೆ ನುಗ್ಗುತ್ತದೆ, ಆಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಹೋಗಿ ಒತ್ತಿದ ಗಾಳಿಗೆ ತಾಗಿ ನಿಂತಾಗ ರೈಫಲ್ ಮತ್ತೆ ಮುಂದಕ್ಕೆ ಎಗರುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡಿನ ಆಟ. ಮುಖ್ಯ ಏನೆಂದರೆ, ಇದು ಶುರುವಾಗುವಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಅಂದರೆ ಪೆಲೆಟ್ ಹೊರಬೀಳುವ ಮೊದಲೇ ರೈಫಲ್ ಅಲುಗಾಡಿರುತ್ತದೆ. ಈ ಅಲುಗಾಟ ನಿಲ್ಲಿಸೋಕೆ ಆಗುವುದಿಲ್ಲ. ಪ್ರತಿ ಸಲ ಒಂದೇ ಥರ ಅಲುಗಾಡುವಂತೆ ಮಾಡಬಹುದು. ನಾನು ಮಾಡಿದ ಎಲ್ಲ ಕೆಲಸದ ಹಿಂದೆ ಇದ್ದದ್ದು ಇದೊಂದೇ ವಿಚಾರ.

ಮೊದಲು ಕೈಹಾಕಿದ್ದು ಸ್ಕ್ರೂಗಳಿಗೆ. ಮರದ ಸ್ಟಾಕ್ (ಕೈಗೂ ಭುಜಕ್ಕೂ ಆನಿಸುವ ಭಾಗ) ಮತ್ತು ಪಿಸ್ಟನ್ ಓಡುವ ಸಿಲಿಂಡರ್ ಕೂಡಿಸುವ ಸ್ಕ್ರೂ ಸ್ವಲ್ಪ ಸಡಿಲಾದರೂ ಗ್ರೂಪ್, ಅಂದರೆ ಕಾಗದದ ಮೇಲೆ ಬೀಳುವ ತೂತುಗಳ ಗುಂಪು, ಎರಡು ಭಾಗವಾಗಿ ಒಡೆಯುತ್ತದೆ. ಹೊಡೆತದ ಅದುರಿಗೆ ಇವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಬಿಗಿ ಮಾಡಿ, ಲಾಕ್ ವಾಷರ್ ಹಾಕಿ, ಸ್ಕ್ರೂ ತಲೆಗೂ ಮರಕ್ಕೂ ಸೇರಿಸಿ ಪೆನ್ನಿಂದ ಒಂದು ಗೆರೆ ಎಳೆದಿಟ್ಟೆ. ಗೆರೆ ತಪ್ಪಿದರೆ ಸ್ಕ್ರೂ ತಿರುಗಿದೆ ಅಂತ ಅರ್ಥ. ಸ್ಕ್ರೂ ನೋಡದೇ ಸ್ಕೋಪ್ ಬದಲಿಸಲು ಓಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಆಮೇಲೆ ಒಳಗಿನ ಕೆಲಸ. ಹೊಡೆದಾಗ ತಂತಿ ಮೀಟಿದ ಹಾಗೆ ‘ಟಂಯ್’ ಅಂತ ಸದ್ದು ಬರುತ್ತಿತ್ತು. ಸ್ಪ್ರಿಂಗ್ ತನ್ನ ಒಳಗಿನ ಗೈಡ್ (ಅದನ್ನು ನೆಟ್ಟಗೆ ಹಿಡಿಯುವ ಸರಳು) ಮೇಲೆ ಸಡಿಲಾಗಿ ಕುಣಿಯುತ್ತಿದೆ ಅಂತ ಆ ಸದ್ದೇ ಹೇಳುತ್ತದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕಾಕ್ ಮಾಡದೇ ಇದ್ದರೂ ಆ ಸ್ಪ್ರಿಂಗ್ ಒತ್ತಡದಲ್ಲೇ ಕೂತಿರುತ್ತದೆ. ಸುಮ್ನೆ ಪಿನ್ ಹೊಡೆದು ಬಿಚ್ಚಿದರೆ ಮುಖಕ್ಕೆ ಬರುತ್ತದೆ. ಸ್ಪ್ರಿಂಗನ್ನು ಒತ್ತಿ ಹಿಡಿದು ನಿಧಾನಕ್ಕೆ ಬಿಡುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಯಾರೂ ಕೈ ಹಚ್ಚಬೇಡಿ. ನಾನು ದಪ್ಪ ಹಲಗೆ ಮತ್ತು ಉದ್ದ ಥ್ರೆಡ್ ರಾಡ್‌ನಿಂದ ಅದನ್ನು ಮೊದಲು ಮಾಡಿಕೊಂಡೆ, ಆಮೇಲೆ ಬಿಚ್ಚಿದೆ.

ಅದಕ್ಕೆ ಸರಿಯಾಗಿ ಕೂಡುವ ಹೊಸ ಗೈಡ್ ಮಾಡಿಸಲು, ಬಿಚ್ಚಿದ ಸ್ಪ್ರಿಂಗ್ ತಗೊಂಡು ಹುಬ್ಬಳ್ಳಿಗೆ, ಗೋಕುಲ ರೋಡಿನ ಒಬ್ಬ ಟರ್ನರ್ ಹತ್ತಿರ ಹೋದೆ. ಅವರ ದಿನದ ಕೆಲಸ ಟ್ರ್ಯಾಕ್ಟರ್ ಬುಷ್ ಮಾಡುವುದು. ವರ್ನಿಯರ್‌ನಿಂದ ಸ್ಪ್ರಿಂಗ್ ಒಳಗಿನ ಅಳತೆಯನ್ನು ಮೂರು ಕಡೆ ಹಿಡಿದು ನೋಡಿದರು. ಸ್ಪ್ರಿಂಗ್ ಪೂರ್ತಿ ದುಂಡಗೆ ಇರುವುದಿಲ್ಲ, ಅದಕ್ಕೇ ಮೂರು ಕಡೆ. ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ರಾಡ್ ಲೇಥ್‌ಗೆ ಕಟ್ಟಿ, ಕೂದಲೆಳೆಯಷ್ಟು ತೆಗೆಯುವುದು, ಸ್ಪ್ರಿಂಗ್ ಹಾಕಿ ನೋಡುವುದು, ಮತ್ತೆ ತೆಗೆಯುವುದು. ಕೊನೆಗೆ ಕೈಯಿಂದ ತಿರುವಿದರೆ ಮಾತ್ರ ಸ್ಪ್ರಿಂಗ್ ಗೈಡ್ ಮೇಲೆ ಹತ್ತಿತು, ತಲೆಕೆಳಗೆ ಹಿಡಿದರೂ ಬೀಳಲಿಲ್ಲ. ನನಗೆ ಬೇಕಾದ ಫಿಟ್ಟಿಂಗ್ ಅದೇ. ಸ್ಪ್ರಿಂಗಿನ ಎರಡೂ ತುದಿಯ ಚೂಪನ್ನು ಎಣ್ಣೆಗಲ್ಲಿನ ಮೇಲೆ ತಿಕ್ಕಿ ನುಣ್ಣಗೆ ಮಾಡಿದೆ. ಪಿಸ್ಟನ್ ಬದಿಗೆ ಮಾಲಿಬ್ಡಿನಮ್ ಗ್ರೀಸ್ ತೆಳ್ಳಗೆ ಸವರಿದೆ. ಪಿಸ್ಟನ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್ ಮುಂದಿನ ಜಾಗಕ್ಕೆ ಎಣ್ಣೆ ಬಿಡಲೇಬಾರದು. ಅಲ್ಲಿ ಎಣ್ಣೆ ಇದ್ದರೆ ಒತ್ತಿದ ಗಾಳಿಯ ಬಿಸಿಗೆ ಡೀಸೆಲ್ ಎಂಜಿನ್ನಿನ ಥರ ಹೊತ್ತಿಕೊಳ್ಳುತ್ತದೆ. ಹೊಗೆ ಬರುತ್ತದೆ, ವೇಗ ಒಂದೊಂದು ಸಲ ಒಂದೊಂದು ಥರ ಆಗುತ್ತದೆ, ಸೀಲೂ ಸುಡುತ್ತದೆ. ಮತ್ತೆ ಜೋಡಿಸಿ ಹೊಡೆದಾಗ ‘ಟಂಯ್’ ಹೋಗಿ ‘ಟಪ್’ ಅನ್ನುವ ಮೊಂಡು ಸದ್ದು ಬಂತು. ಆ ಖುಷಿ ಹೇಳತೀರದು.

ಬ್ಯಾರೆಲ್ ಮಡಚುವ ಜಾಗದ ಸೀಲ್ ಸೋರುತ್ತಿದೆಯಾ ನೋಡಲು ಆ ಸಂದಿನ ಮೇಲೆ ಟಿಶ್ಯೂ ಕಾಗದದ ಚೂರಿಟ್ಟು ಹೊಡೆದರೆ ಸಾಕು. ಕಾಗದ ಹಾರಿದರೆ ಸೀಲ್ ಬದಲಿಸಬೇಕು. ಟ್ರಿಗರ್ ಒಳಗೆ ಫೈಲ್ ಹಾಕಲು ಹೋಗಲಿಲ್ಲ. ಅಲ್ಲಿ ಕೈ ಆಡಿಸಿದರೆ ರೈಫಲ್ ತಾನಾಗೇ ಸಿಡಿಯುವ ಅಪಾಯ ಇದೆ. ಕಂಪನಿಯೇ ಕೊಟ್ಟ ಸ್ಕ್ರೂನಲ್ಲಿ ಎಷ್ಟು ಹದ ಸಿಗುತ್ತದೋ ಅಷ್ಟು ಸಾಕು.

ಪೆಲೆಟ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದು. 4.5 ಅಂತ ಡಬ್ಬಿ ಮೇಲೆ ಬರೆದಿದ್ದರೂ ಪೆಲೆಟ್ ತಲೆಯ ಅಳತೆ 4.49, 4.50, 4.51, 4.52 ಹೀಗೆ ಬೇರೆ ಬೇರೆ ಬರುತ್ತದೆ. ಯಾವ ಬ್ಯಾರೆಲ್‌ಗೆ ಯಾವುದು ಕೂಡುತ್ತದೆ ಅನ್ನುವುದು ಹೊಡೆದು ನೋಡಿಯೇ ಗೊತ್ತಾಗಬೇಕು. ನಾನು ಹೆಬ್ಬೆರಳಿಂದ ಒತ್ತಿ ನೋಡುತ್ತೇನೆ. ತಾನಾಗೇ ಒಳಗೆ ಜಾರಿದರೆ ಸಡಿಲು. ಉಗುರು ನೋಯುವಷ್ಟು ಒತ್ತಬೇಕಾದರೆ ಬಿಗಿ. ಸಣ್ಣ ತಡೆ ಕೊಟ್ಟು ಕೂತರೆ ಸರಿ. 10 ಮೀಟರಿಗೆ ಚಪ್ಪಟೆ ತಲೆಯ ವಾಡ್‌ಕಟರ್ ಚೆಂದ, ಕಾರ್ಡಿನಲ್ಲಿ ಪಂಚ್ ಮಾಡಿದಂಥ ದುಂಡು ತೂತು ಬೀಳುತ್ತದೆ. 20 ಮೀಟರಿಗೆ ದುಂಡು ತಲೆಯದೇ ಆಗಬೇಕು. ನನ್ನ ಬ್ಯಾರೆಲ್ ಮೆಚ್ಚಿದ್ದು ಜೆಎಸ್‌ಬಿ ಕಂಪನಿಯ ಎಕ್ಸಾಕ್ಟ್ ಪೆಲೆಟ್, 4.52 ತಲೆ, 8.44 ಗ್ರೇನ್ ತೂಕ. ಅಂದರೆ ಸುಮಾರು 0.547 ಗ್ರಾಂ.

ಡಬ್ಬಿ ತೆಗೆದು ಹಾಸಿದ ಬಟ್ಟೆ ಮೇಲೆ ಸುರಿದು ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತೇನೆ. ಪೆಲೆಟ್ ಹಿಂಭಾಗದ ಟೊಳ್ಳು ಅಂಚು, ಅಂದರೆ ಲಂಗ, ಸೊಟ್ಟಾಗಿದ್ದರೆ ಪಕ್ಕಕ್ಕೆ. ಆಮೇಲೆ ಅಕ್ಕಸಾಲಿಗರು ಬಳಸುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಗುಂಪು ಮಾಡುತ್ತೇನೆ. ಮಧ್ಯದ ತೂಕದವು ಗ್ರೂಪ್ ನೋಡಲು, ಉಳಿದವು ಅಭ್ಯಾಸಕ್ಕೆ. ಪೆಲೆಟ್ ಸೀಸದ್ದು, ಹೀಗಾಗಿ ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕು. ಮಕ್ಕಳ ಕೈಗೆ ಡಬ್ಬಿ ಸಿಗಬಾರದು.

ಟಾರ್ಗೆಟ್ ಕಾರ್ಡಿಗೆ ನಮ್ಮೂರಲ್ಲಿ ಕಷ್ಟವಿಲ್ಲ. ಗದಗ ಪ್ರಿಂಟಿಂಗ್ ಪ್ರೆಸ್‌ಗಳ ಊರು. ಮದುವೆ ಪತ್ರಿಕೆಯ ದಪ್ಪ ಕಾಗದದ ಉಳಿಕೆ ತುಂಡಿನ ಮೇಲೆ ವೃತ್ತ ಹಾಕಿಸಿಕೊಂಡೆ. ತೆಳು ಕಾಗದ ಹರಿಯುತ್ತದೆ, ತೂತಿನ ಅಂಚು ಸಿಗುವುದಿಲ್ಲ. ದೂರ ಇರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ಗ್ರೂಪ್ ಅಳತೆ. ಹತ್ತು ಹೊಡೆದು ಅಳೆಯಬೇಕು. ಮೂರು ಪೆಲೆಟ್‌ನ ಗ್ರೂಪ್ ತೋರಿಸಿ ಹೆಮ್ಮೆ ಪಡುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಇನ್ನು ಹಿಡಿಯುವ ರೀತಿ. ಗಟ್ಟಿ ಹಿಡಿದರೆ ಗುರಿ ಗಟ್ಟಿ ಅಂತ ಎಲ್ಲರೂ ತಿಳಿಯುತ್ತಾರೆ. ಸ್ಪ್ರಿಂಗ್ ರೈಫಲ್‌ಗೆ ಅದು ಪೂರ್ತಿ ಉಲ್ಟಾ. ಎಡಗೈ ಅಂಗೈ ಬಿಚ್ಚಿ, ಟ್ರಿಗರ್ ಗಾರ್ಡ್‌ನ ಸ್ವಲ್ಪ ಮುಂದೆ, ರೈಫಲ್ ಅದರ ಮೇಲೆ ಸುಮ್ನೆ ಮಲಗಬೇಕು. ಬೆರಳು ಮಡಚಬಾರದು. ಭುಜಕ್ಕೆ ತಾಗಿದರೆ ಸಾಕು, ಒತ್ತಬಾರದು. ಕೆನ್ನೆಯೂ ಹಗುರ. ಮರಳು ಚೀಲದ ಮೇಲೆ ಕೈ ಇಡಿ, ಕೈ ಮೇಲೆ ರೈಫಲ್ ಇಡಿ. ರೈಫಲನ್ನೇ ನೇರ ಗಟ್ಟಿ ಜಾಗದ ಮೇಲಿಟ್ಟರೆ ಎಗರುತ್ತದೆ. ಎಡ ಅಂಗೈ ಎರಡು ಬೆರಳು ಮುಂದೆ ಸರಿದರೆ ನನ್ನ ಗ್ರೂಪ್ ಇಡಿಯಾಗಿ ಜಾಗ ಬದಲಿಸುತ್ತದೆ. ಅದಕ್ಕೇ ಸ್ಟಾಕ್ ಕೆಳಗೆ ಒಂದು ಸಣ್ಣ ಟೇಪ್ ತುಂಡು ಅಂಟಿಸಿದ್ದೇನೆ, ಕೈ ಅಲ್ಲಿಗೇ ಹೋಗಲಿ ಅಂತ. ಹೊಡೆದ ಮೇಲೂ ಒಂದು ಉಸಿರಿನಷ್ಟು ಹೊತ್ತು ಗುರಿಯಿಂದ ಕಣ್ಣು ತೆಗೆಯುವುದಿಲ್ಲ.

ಸ್ಕೋಪ್ ಬೇಕಿದ್ದರೆ ಏರ್ ರೈಫಲ್‌ಗೇ ಮಾಡಿದ್ದು ಬೇಕು. ಹಿಂದೆ-ಮುಂದೆ ಎರಡೂ ಕಡೆಯ ಹೊಡೆತವನ್ನು ಮಾಮೂಲಿ ಸ್ಕೋಪ್ ತಡೆಯುವುದಿಲ್ಲ, 10-20 ಮೀಟರಿಗೆ ಫೋಕಸ್ಸೂ ಬರುವುದಿಲ್ಲ. ಸ್ಕೋಪನ್ನು ರೈಫಲ್ ಮೇಲೆ ಹಿಡಿಯುವ ಮೌಂಟ್ ಹಿಂದೆ ಜಾರದಂತೆ ಸ್ಟಾಪ್ ಪಿನ್ ಇರಲಿ.

ಇಷ್ಟೆಲ್ಲ ನೋಡಿದ್ದು ಬೆಟಗೇರಿಯ ಒಂದು ಹಳೇ ಹತ್ತಿ ಗೋದಾಮಿನ ಒಳಗೆ, ಬಾಗಿಲು ಹಾಕಿಕೊಂಡು. ಬಯಲಿಗೆ ಹೋದರೆ ಗಾಳಿ ಎದುರಾಗುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿಲ್ಲ. ಗಂಟೆಗೆ 10 ಕಿಲೋಮೀಟರ್ ವೇಗದ ಅಡ್ಡಗಾಳಿ 20 ಮೀಟರಿನಲ್ಲೇ ಪೆಲೆಟನ್ನು ಒಂದೂವರೆ ಸೆಂಟಿಮೀಟರ್ ಹತ್ತಿರ ತಳ್ಳುತ್ತದೆ. ಅಂದರೆ ನನ್ನ ಪೂರ್ತಿ ಗ್ರೂಪಿನಷ್ಟು. ಟಾರ್ಗೆಟ್ ಪಕ್ಕದ ಕಡ್ಡಿಗೆ ಉಣ್ಣೆ ದಾರ ಕಟ್ಟಿ, ಅದು ಒಂದೇ ಕೋನದಲ್ಲಿ ಹಾರುವಾಗ ಮಾತ್ರ ಟ್ರಿಗರ್ ಎಳೆಯುತ್ತೇನೆ. ಬೆಳಗಿನ ಹೊತ್ತು ಒಳ್ಳೆಯದು, ಬಿಸಿಲೇರಿದಂತೆ ದಾರ ಹುಚ್ಚೇಳುತ್ತದೆ.

ಸದ್ಯ ಮಳೆಗಾಲದ ತಂಪಿಗೆ ಸ್ಟಾಕ್ ಮರ ಸ್ವಲ್ಪ ಉಬ್ಬಿದೆ, ಸ್ಕ್ರೂ ಗೆರೆಗಳನ್ನು ಪ್ರತಿ ಸಲ ನೋಡುತ್ತಿದ್ದೇನೆ. ಒಳಭಾಗಕ್ಕೆ ಲಿನ್‌ಸೀಡ್ ಎಣ್ಣೆ ಕುಡಿಸಬೇಕು. ಹಿಂಗಾರಿ ಜೋಳ ಕಟಾವಾದ ಮೇಲೆ ಗೆಳೆಯನ ಹೊಲದಲ್ಲಿ, ಎತ್ತರದ ಬದುವಿಗೆ ಎದುರಾಗಿ 30 ಮೀಟರ್ ಅಳೆದು ಕಾರ್ಡ್ ನಿಲ್ಲಿಸುವ ವಿಚಾರ ಇದೆ. ಅಷ್ಟು ದೂರಕ್ಕೆ 8.44 ಗ್ರೇನ್ ಒಳ್ಳೆಯದೋ, ಇನ್ನೂ ತುಸು ಭಾರದ ಪೆಲೆಟ್ ಒಳ್ಳೆಯದೋ, ಎರಡನ್ನೂ ಹೊಡೆದು ನೋಡುತ್ತೇನೆ.