ಆಟಿಯಲ್ಲಿ ಹುಟ್ಟುವ ಮಗುವಿಗೆ ಬಟ್ಟೆ ಈಗಲೇ ಹೊಲಿದಿಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮಳೆ ಹಿಡಿದರೆ ಬಟ್ಟೆ ಒಣಗುವುದೇ ಇಲ್ಲ, ಅಲ್ವಾ? ನನ್ನ ಮೊಮ್ಮಗಳು ಹುಟ್ಟಿದ್ದು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ತುಳು ತಿಂಗಳಲ್ಲಿ. ಹತ್ತು ನ್ಯಾಪಿ ಸಾಕು ಅಂದುಕೊಂಡಿದ್ದೆವು. ಮೂರನೇ ದಿನಕ್ಕೆ ಒಣ ಬಟ್ಟೆ ಮುಗಿದಿತ್ತು. ಮಳೆಗಾಲದ ಮಗುವಿಗೆ ಕಡಿಮೆ ಅಂದರೂ 30 ಬೇಕು.

ಹಳೆಯ ಹತ್ತಿ ಸೀರೆ, ಮುಂಡು ಇದಕ್ಕೆ ತುಂಬ ಒಳ್ಳೆಯದು. ನನ್ನ ಅಮ್ಮನ ಕಾಸರಗೋಡು ಕೈಮಗ್ಗದ ಸೀರೆ ಒಗೆದು ಒಗೆದು ಎಷ್ಟು ಮೆತ್ತಗಾಗಿತ್ತೆಂದರೆ, ಅಂಥ ಬಟ್ಟೆ ಅಂಗಡಿಯಲ್ಲಿ ಸಿಗಲಿಕ್ಕಿಲ್ಲ. ಜರಿ, ದಪ್ಪ ಅಂಚು ಕತ್ತರಿಸಿ ತೆಗೆಯಿರಿ. ಅಂಗಿಗೆ ಗುಂಡಿ, ಪಿನ್ನು ಬೇಡ. ಗಿಡ್ಡ ಲಾಡಿ ಸಾಕು. ಹೊಲಿಗೆ ಹೊರಗಡೆ ಬರುವ ಹಾಗೆ ಹೊಲಿದರೆ ಎಳೆ ಚರ್ಮಕ್ಕೆ ಉಜ್ಜುವುದಿಲ್ಲ.

ಇದೊಂದನ್ನು ದಯವಿಟ್ಟು ಮರೆಯಬೇಡಿ. ಕಪಾಟಿನಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಸೀರೆಯನ್ನು ಮಗುವಿಗೆ ಬಳಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಿಗೆ ಆ ಗುಳಿಗೆಯಿಂದ ರಕ್ತಕಣ ಒಡೆದು ಜೋರು ಕಾಮಾಲೆ ಬರಬಹುದು. ಕೊರತೆ ಇದೆಯೋ ಇಲ್ಲವೋ ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ.

ಒಣಗಿಸಲು ನಾವು ಬಚ್ಚಲು ಒಲೆಯ ಹತ್ತಿರ ಅಡಕೆ ಮರ ಸೀಳಿದ ಸಲಾಕೆಗಳನ್ನು ಅಡ್ಡ ಕಟ್ಟಿದೆವು. ಬೆಂಕಿ ಆರಿ, ಹೊಗೆ ಹೋದ ಮೇಲೆ ಆ ಬಿಸಿಯಲ್ಲಿ ಹರವಿದರೆ ಬೆಳಗಾಗುವಾಗ ಮುಕ್ಕಾಲು ಒಣಗಿರುತ್ತದೆ. ಉಳಿದ ಪಸೆಗೆ ಇಸ್ತ್ರಿ ಪೆಟ್ಟಿಗೆ.

ಮಿಕ್ಕ ತುಂಡುಗಳನ್ನು ನಾಲ್ಕು ಪದರ ಮಾಡಿ ಹೊಲಿದರೆ ಮಡಿಲಲ್ಲಿ ಹಾಸಿಕೊಳ್ಳಲು ಚಂದದ ಹಾಸು ಆಗುತ್ತದೆ. ಸಾಸಿವೆ ದಿಂಬು ಮಾತ್ರ ಹೊಲಿಯಬೇಡಿ. ಮಲಗಿದ ಶಿಶುವಿಗೆ ದಿಂಬು ಬೇಡವೇ ಬೇಡ.