ಹೆತ್ತವರನ್ನು ಒಳಗೇ ಕೂರಿಸಿದ ಮೇಲೆ

ಮಗುವಿನ ಹಲ್ಲಿನ ಚಿಕಿತ್ಸೆ ನಡೆಯುವಾಗ ಹೆತ್ತವರು ಹೊರಗಿರಬೇಕೆಂದೇ ನಾವು ಬಹುಮಂದಿ ಕಲಿತದ್ದು. ಮಂಗಳೂರಿನ ಬಿಜೈಯಲ್ಲಿ ಕ್ಲಿನಿಕ್ ತೆರೆದ ಮೇಲೆ ಮೂರು ವರ್ಷ ನಾನೂ ಬಾಗಿಲು ಹಾಕಿಕೊಂಡೇ ಕೆಲಸ ಮಾಡಿದೆ. ಆಮೇಲೆ ಅವರನ್ನು ಕುರ್ಚಿಯ ಬಳಿಯೇ ಕೂರಿಸಲು ಹೊರಟಾಗ, "ಇನ್ನು ಒಂದರ ಬದಲು ಎರಡು ಮಕ್ಕಳನ್ನು ಸಂಭಾಳಿಸು" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು.

ಮೊದಲ ಆರು ತಿಂಗಳು ಅವರ ಮಾತೇ ಗೆದ್ದಿತು. ಐದು ವರ್ಷದ ಹುಡುಗನೊಬ್ಬನ ವಸಡಿಗೆ ಜೆಲ್ ಹಚ್ಚಿ ಮರಗಟ್ಟಲೆಂದು ಕಾಯುತ್ತಿದ್ದಾಗ, ತಾಯಿ "ಹೆದರಬೇಡ ಮಗಾ, ಸೂಜಿ ಚುಚ್ಚುವುದಿಲ್ಲ" ಎಂದುಬಿಟ್ಟರು. ಅದುವರೆಗೆ ಸೂಜಿಯ ನೆನಪೇ ಇಲ್ಲದಿದ್ದ ಹುಡುಗ ಮುಚ್ಚಿದ ಬಾಯಿಯನ್ನು ಆ ದಿನ ಮತ್ತೆ ತೆರೆಯಲಿಲ್ಲ. ಹೀಗೆ ಅರ್ಧಕ್ಕೆ ನಿಂತ ಪಲ್ಪೆಕ್ಟಮಿ (ಹಾಲುಹಲ್ಲಿನ ಬೇರುನಾಳದ ಚಿಕಿತ್ಸೆ), ಕ್ರೌನ್ (ಹಲ್ಲಿಗೆ ತೊಡಿಸುವ ಕವಚ)ಗಳಿಂದ ಆ ವರ್ಷ ಸುಮಾರು 70,000 ರೂಪಾಯಿ ಕೈತಪ್ಪಿರಬೇಕು. ಚಾವಣಿಗೆ ಹಾಕಿಸಿದ ಟಿವಿಗೆ 22,000ದಷ್ಟು ಸುರಿದದ್ದೂ ದಂಡ, ಮಕ್ಕಳು ಅದನ್ನು ಬಿಟ್ಟು ತಾಯಿಯ ಮುಖವನ್ನೇ ನೋಡುತ್ತಿದ್ದರು. ಹಲ್ಲು ಕೊರೆಯುವ ಏರೋಟರ್ ಯಂತ್ರದ ಸದ್ದು ಅಡಗಲೆಂದು ಹುಲಿವೇಷದ ತಾಸೆ ವಾದ್ಯದ ಧ್ವನಿಮುದ್ರಣ ಹಾಕಿ ನೋಡಿದೆ. ಎರಡನೆಯ ದಿನವೇ ಒಬ್ಬ ಕುರ್ಚಿಯಲ್ಲೇ ಹೆಜ್ಜೆ ಹಾಕತೊಡಗಿದ್ದರಿಂದ ಅದನ್ನೂ ನಿಲ್ಲಿಸಿದೆ.

ದಾರಿ ತೋರಿಸಿದವರು ಸುರತ್ಕಲ್ ಕಡೆಯ ಒಬ್ಬ ತಂದೆ. ಮಗಳ ಪಾದ ಹಿಡಿದು ಕುಳಿತಿದ್ದ ಅವರ ಬೆರಳುಗಳು, ನಾನು ಕೊರೆಯುವ ಹ್ಯಾಂಡ್‌ಪೀಸ್ ಎತ್ತಿದೊಡನೆ ಉಗುರಿನ ತುದಿ ಬೆಳ್ಳಗಾಗುವಷ್ಟು ಬಿಗಿದವು. ಅಲ್ಲಿಯವರೆಗೆ ಸುಮ್ಮನಿದ್ದ ಮಗು ಮರುಕ್ಷಣವೇ ಕಾಲು ಝಾಡಿಸಿತು.

ಅಂದಿನಿಂದ ಹಿಂದಿನ ಸಂಜೆಯೇ ಹೆತ್ತವರಿಗೆ ಹತ್ತು ನಿಮಿಷ ಫೋನ್ ಮಾಡುತ್ತೇನೆ. ನೋವು, ಸೂಜಿ, ಹೆದರಿಕೆ ಎಂಬ ಪದಗಳನ್ನು, "ಇಲ್ಲ" ಸೇರಿಸಿಯೂ, ಆಡಕೂಡದು. ರಾತ್ರಿ ಮಗುವನ್ನು ತೊಡೆಯ ಮೇಲೆ ಮಲಗಿಸಿ, ಬ್ರಷ್ ತುದಿಯಿಂದ 20 ಹಾಲುಹಲ್ಲುಗಳನ್ನು ಗಟ್ಟಿ ದನಿಯಲ್ಲಿ ಎಣಿಸಬೇಕು. ಕ್ಲಿನಿಕ್ಕಿನಲ್ಲಿ ಕನ್ನಡಿ ಮೊದಲು ಹೋಗುವುದು ಅಪ್ಪ ಅಥವಾ ಅಮ್ಮನ ಬಾಯಿಗೆ. ಟೆಲ್-ಶೋ-ಡೂ, ಅಂದರೆ ಮೊದಲು ಹೇಳಿ, ತೋರಿಸಿ, ಆಮೇಲೆ ಮಾಡುವ ಕ್ರಮ, ಅವರ ಮೇಲೆಯೇ ನಡೆಯುತ್ತದೆ. ಬಳಿಕ ಅವರು ಮಗುವಿನ ಕಾಲ ಮೇಲೆ ಅಂಗೈಯನ್ನು ಚಪ್ಪಟೆಯಾಗಿಟ್ಟು, ಬೆರಳು ಮಡಿಸದೆ, ಮೆಲ್ಲಗೆ ಎಣಿಸುತ್ತ ಕೂರಬೇಕು. ಸಿರಿಂಜನ್ನು ಯಾರ ಕಣ್ಣಿಗೂ ಬೀಳದಂತೆ ದಾಟಿಸುವ ಬಗೆ ನನ್ನಲ್ಲೇ ಇರಲಿ.

ಮೊದಲು ನೂರರಲ್ಲಿ ಅರ್ಧದಷ್ಟು ಮಕ್ಕಳು ಕೆಲಸ ಮುಗಿಸದೆ ಎದ್ದು ಹೋಗುತ್ತಿದ್ದರೆ, ಈಗ ಹಾಗೆ ಹೋಗುವವರು ಹದಿನೈದರ ಆಸುಪಾಸು. ಪೂರ್ಣ ಅರಿವಳಿಕೆಗೆಂದು ತಿಂಗಳಿಗೆ ಇಬ್ಬರನ್ನು ಕಳುಹಿಸುತ್ತಿದ್ದವನು ಕಳೆದ ವರ್ಷ ಕಳುಹಿಸಿದ್ದು ಮೂವರನ್ನೋ ನಾಲ್ವರನ್ನೋ. ನಕ್ಕಿದ್ದ ಹಿರಿಯರೂ ಈಗ ಹಟಮಾರಿ ಮಕ್ಕಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ. ಅಜ್ಜಿಯರ ಮುಂದೆ ಮಾತ್ರ ಈ ವಿಧಾನ ಇನ್ನೂ ಸೋಲುತ್ತಿದೆ: ಫೋನಿನಲ್ಲಿ ಎಲ್ಲದಕ್ಕೂ ಹೂಂಗುಟ್ಟಿದವರು ಹೊಸ್ತಿಲು ದಾಟಿದೊಡನೆ "ಅಳದಿದ್ದರೆ ಐಸ್‌ಕ್ರೀಮ್" ಎಂದು ಆಸೆ ತೋರಿಸಿ, ಒಳಗೆ ಅಳುವಂಥದ್ದೇನೋ ಇದೆ ಎಂದು ಮೊಮ್ಮಗುವಿಗೆ ತಿಳಿಸಿಬಿಡುತ್ತಾರೆ.