ಮಡಿಕೇರಿಯಿಂದ ಮಲ್ಪೆಗೆ: ದೋಣಿ ಹತ್ತಿ ದ್ವೀಪ ನೋಡಿ ಬರುವುದು ಹೇಗೆ?

ಕಾವೇರಿ ಸಂಕ್ರಮಣ ಮುಗಿದು ಕಾಫಿ ಕೊಯ್ಲು ಶುರುವಾಗುವ ಮೊದಲು ನಮ್ಮ ಕೊಡಗಿನ ಮನೆಗಳಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಉಡುಪಿ ಹತ್ತಿರದ ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿಬರಲು ಅದು ಒಳ್ಳೆಯ ಸಮಯ. ಮಳೆಗಾಲದಲ್ಲಿ ಕಡಲು ಒರಟಾಗಿರುವುದರಿಂದ ಪ್ರವಾಸಿ ದೋಣಿಗಳು ಓಡುವುದಿಲ್ಲ. ಹೊರಡುವ ಹಿಂದಿನ ದಿನ ದೋಣಿ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು, ಮಂಗಳೂರು ದಾಟಿ ಉಡುಪಿಗೆ ಸುಮಾರು 200 ಕಿ.ಮೀ. ಘಾಟಿ ಇಳಿಯುವಾಗ ಪಯಸ್ವಿನಿ ಹೊಳೆ ನೋಡಲು ಮರೆಯಬೇಡಿ. ಕಾವೇರಿ ಪೂರ್ವಕ್ಕೆ ಹೋದರೆ, ಕೊಡಗಲ್ಲೇ ಹುಟ್ಟಿದ ಈ ಹೊಳೆ ಪಶ್ಚಿಮಕ್ಕೆ ಇಳಿದು ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನಾವು ಹೊರಟಿರುವುದೂ ಅದೇ ಕಡಲಿಗೆ, ಅಲ್ವಾ!

ಒಂದೇ ದಿನದಲ್ಲಿ ಹೋಗಿಬರುವ ಹಟ ಬೇಡ. ರಾತ್ರಿ ಉಡುಪಿಯಲ್ಲೇ ಉಳಿಯಿರಿ. ಬೆಳಿಗ್ಗೆ ಗಾಳಿ ಕಡಿಮೆ, ಮಧ್ಯಾಹ್ನವಾಗುತ್ತಿದ್ದಂತೆ ಕಡಲಗಾಳಿ ಏಳುತ್ತದೆ, ದೋಣಿ ಜಾಸ್ತಿ ಓಲಾಡುತ್ತದೆ. ಹಾಗಾಗಿ ಮೊದಲ ದೋಣಿಗಳಲ್ಲೇ ಹೋಗುವುದು ಒಳ್ಳೆಯದು. ಘಾಟಿಯ ತಿರುವಿನಲ್ಲಿ ವಾಂತಿ ಬರುವವರು ದೋಣಿ ಹತ್ತುವ ದಿನ ತಿಂಡಿಯನ್ನು ಎರಡೇ ಇಡ್ಲಿಗೆ ನಿಲ್ಲಿಸಿ. ವಾಂತಿಯ ಮಾತ್ರೆ ತೆಗೆದುಕೊಳ್ಳುವುದಿದ್ದರೆ ದೋಣಿ ಹತ್ತುವ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಿ. ಹೊಟ್ಟೆ ತೊಳೆಸಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ದೋಣಿಯ ನಡುವೆ ಕೂತು ದೂರದ ದಿಗಂತ ನೋಡುತ್ತಿರಿ, ಮೊಬೈಲ್ ಬೇಡ.

ಟಿಕೆಟ್ ಕೊಂಡ ಮೇಲೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಬಕಲ್ ಬಿಗಿಯಾಗಿದೆಯೇ ನೋಡಿ. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು. ದಾರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ದೊಡ್ಡ ದೋಣಿಯಾದರೆ ದ್ವೀಪದ ಹತ್ತಿರ ಚಿಕ್ಕ ದೋಣಿಗೆ ದಾಟಿಸುವುದುಂಟು. ವಯಸ್ಸಾದವರು ಹೆದರುವುದು ಇಲ್ಲೇ. ಅವಸರ ಮಾಡಬೇಡಿ. ಎರಡು ದೋಣಿಗಳ ಅಂಚು ಸಮಕ್ಕೆ ಬಂದ ಗಳಿಗೆಯಲ್ಲಿ ದೋಣಿಯವರ ಕೈ ಹಿಡಿದು ಕಾಲಿಡಿ. ಚೀಲ ಬೇರೆಯವರ ಕೈಯಲ್ಲಿರಲಿ.

ಇಳಿದ ಕೂಡಲೇ ಸೆಲ್ಫಿಗೆ ಓಡದೆ ಕಲ್ಲುಗಳನ್ನು ನೋಡಿ. ನಾನು ಈ ದ್ವೀಪಕ್ಕೆ ಹೋಗಿ ಎನ್ನುವುದೇ ಅವುಗಳಿಗಾಗಿ. ಯಾರೋ ಉಳಿಯಿಂದ ಕೆತ್ತಿ ಜೋಡಿಸಿದಂತೆ ಐದು, ಆರು ಮೂಲೆಯ ಕಂಬಗಳು ಸಾಲಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಕೊಯ್ಲಾದ ಗದ್ದೆಯ ಕೆಸರು ಒಣಗುತ್ತಾ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಲಾವಾ ಕೂಡ ತಣ್ಣಗಾಗುತ್ತಾ ಕುಗ್ಗಿ ಹಾಗೆಯೇ ಬಿರಿಯಿತು. ಬಿರುಕು ಆಳಕ್ಕೆ ಇಳಿದಂತೆ ಕಂಬಗಳಾದವು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಗಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಎಂಬ ಕತೆಯೂ ಇದೆ.

ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಜಾಸ್ತಿ. ಬರಿಗಾಲಲ್ಲಿ ನಡೆಯಬೇಡಿ, ಜಾರದ ಚಪ್ಪಲಿ ಇರಲಿ. ಪಾಚಿ ಹಿಡಿದ ಬಂಡೆ ಹತ್ತಬೇಡಿ, ಈಜಲು ಇಳಿಯಲೂ ಬೇಡಿ. ಚಿಪ್ಪು ನೋಡಿ ಅಲ್ಲೇ ಬಿಟ್ಟುಬನ್ನಿ, ಪ್ಲಾಸ್ಟಿಕ್ ಒಯ್ಯಬೇಡಿ.

ವಾಪಸು ಯಾವ ದೋಣಿ, ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಊಟ ಮುಗಿಸಿ ಒಂದು ಗಂಟೆಗೆಲ್ಲ ಉಡುಪಿ ಬಿಟ್ಟರೆ, ಕತ್ತಲು ಕವಿಯುವ ಮೊದಲೇ ಸಂಪಾಜೆ ತಲುಪಿ ಘಾಟಿ ಹತ್ತಬಹುದು.